ನಾಲ್ಕುನೂರು ಜನರ ರಜೆ

ಬ್ಯಾಂಕಿನ ನಿಯಮಾವಳಿಯ ಪ್ರಕಾರ ಷೇರು ವಹಿವಾಟು ನಡೆಸುವ ಪ್ರತಿಯೊಬ್ಬ ನೌಕರನೂ ವರ್ಷಕ್ಕೆ ಹದಿನಾಲ್ಕು ದಿನ ಕಡ್ಡಾಯ ರಜೆಯ ಮೇಲೆ ತೆರಳತಕ್ಕದ್ದು. ಕುರ್ಚಿ ಖಾಲಿಯಾದರೇ ಅದರಡಿಯ ಕಸ ಕಾಣುವುದು ಎಂಬುದು ಇದರ ಘನ ಉದ್ದೇಶ. ‘ಚಿನ್ನದ ಕೈ’ ಎಂದೇ ಹೆಸರಾದ ವಹಿವಾಟುದಾರ ಮಾತ್ರ ಆರು ವರ್ಷ ಒಂದು ದಿನವೂ ರಜೆ ಹೋಗಿರಲಿಲ್ಲ. ಅದಕ್ಕಾಗಿ ಆರು ಸಲ ‘ಕರ್ತವ್ಯನಿಷ್ಠ’ ಪ್ರಶಸ್ತಿ ಪಡೆದಿದ್ದ.

ಅಪಾಯ ಪರಿಶೀಲನಾ ವಿಭಾಗದ ಗುಮಾಸ್ತರಿಗೆ, ಹಾಳಾದ್ದು, ನಿಯಮ ಓದುವ ಚಟವಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು. ಚಿನ್ನದ ಕೈಯನ್ನು ರಜೆಗೆ ಅಟ್ಟಿದರು.

ಮೊದಲ ದಿನವೇ ಆತನ ಡ್ರಾಯರಿನಲ್ಲಿ ಎರಡು ಕಡತ ಸಿಕ್ಕವು. ಒಂದರ ಮೇಲೆ ‘ಲಾಭ: ಮೇಲಿನವರಿಗೆ ತೋರಿಸುವುದು’ ಎಂದಿತ್ತು. ಇನ್ನೊಂದರ ಮೇಲೆ ‘ನಷ್ಟ: ಆಮೇಲೆ ನೋಡೋಣ’ ಎಂದಿತ್ತು. ಎರಡನೆಯದನ್ನು ಎತ್ತಲು ಜವಾನನನ್ನೂ ಕರೆಯಬೇಕಾಯಿತು. ಅದರ ಮೊತ್ತ ಬ್ಯಾಂಕಿನ ಒಟ್ಟು ಬಂಡವಾಳಕ್ಕಿಂತ ಸ್ವಲ್ಪವೇ ಹೆಚ್ಚಿತ್ತು.

ಗುಮಾಸ್ತರು ಏದುಸಿರು ಬಿಡುತ್ತ ನಿರ್ದೇಶಕರ ಕೋಣೆಗೆ ಓಡಿದರು.

“ನಿನ್ನೆ ಈ ನಷ್ಟ ಇತ್ತೇನ್ರೀ?” ಎಂದರು ನಿರ್ದೇಶಕರು.

“ಇತ್ತು ಸಾರ್. ಯಾರಿಗೂ ಗೊತ್ತಿರಲಿಲ್ಲ.”

“ಗೊತ್ತಿಲ್ದೇ ಇದ್ದದ್ದು ಇತ್ತು ಅಂತ ಹೇಗೆ ಹೇಳ್ತೀರಿ? ಅವನು ಇದ್ದಾಗ ಬರೀ ಲಾಭ. ರಜೆ ಹೋಗಿ ಮೂರು ಗಂಟೆ ಆಗಿಲ್ಲ, ಇಷ್ಟು ನಷ್ಟ! ರಜೆ ಕೊಟ್ಟೋರು ಯಾರು?”

“ನಾನೇ ಸಾರ್...”

“ಮತ್ತೆ! ಈ ಕಡತ ನೋಡೇ ಇಲ್ಲ ಅಂತ ಬರೆದುಕೊಡ್ತೀರೋ, ಮನೆಗೆ ಹೋಗ್ತೀರೋ?”

ಗುಮಾಸ್ತರ ಕಣ್ಣ ಮುಂದೆ ಮಗಳ ಕಾಲೇಜು, ಮನೆ ಬಾಡಿಗೆ ಎಲ್ಲ ಹಾದುಹೋದವು. ನಾಚಿಕೆಯಿಂದ ಕುಗ್ಗಿಹೋದರು. ರುಜು ಮಾತ್ರ ಮುದ್ದಾಗಿ ಬಂತು.

ಸಂಜೆಯೊಳಗೆ ಸುತ್ತೋಲೆ ಹೊರಬಿತ್ತು: ‘ರಜೆಯು ಅಪಾಯಕಾರಿ ಎಂದು ರುಜುವಾತಾಗಿರುವುದರಿಂದ ವಹಿವಾಟುದಾರರು ಇನ್ನು ಮುಂದೆ ರಜೆ ಹೋಗತಕ್ಕದ್ದಲ್ಲ. ಆದರೂ ನಿಯಮಭಂಗವಾಗದಂತೆ, ನಾಲ್ಕುನೂರು ವಹಿವಾಟುದಾರರ ಈ ವರ್ಷದ ರಜೆಯನ್ನು ಅವರ ಪರವಾಗಿ ಪರಿಶೀಲನಾ ಗುಮಾಸ್ತರೊಬ್ಬರೇ ಅನುಭವಿಸತಕ್ಕದ್ದು.’ ಅಪಾಯ ವಿಭಾಗದ ಮುಖ್ಯಸ್ಥನ ಹುದ್ದೆ ಚಿನ್ನದ ಕೈಗೆ ಹೋಯಿತು. ಅಪಾಯದಲ್ಲಿ ಅಷ್ಟು ಅನುಭವ ಇನ್ಯಾರಿಗಿತ್ತು?

“ಅಯ್ಯೋ, ಕೆಲಸ ಹೋಯ್ತೇನ್ರೀ?” ಎಂದಳು ಮನೆಯಲ್ಲಿ ಗುಮಾಸ್ತರ ಹೆಂಡತಿ, ಅವರ ಮುಖ ನೋಡಿ.

“ಇಲ್ಲ ಕಣೇ. ಹದಿನೈದು ವರ್ಷ ರಜೆ ಕೊಟ್ಟಿದ್ದಾರೆ.”

“ಸಂಬಳ?”

“ಬಾಯಿ ಬಿಡದಿದ್ರೆ ಪೂರ್ತಿ.”

“ಮತ್ಯಾಕೆ ಮುಖ ಹಿಂಡ್ಕೊಂಡಿದ್ದೀರಿ?”

“ನಿವೃತ್ತಿಗೆ ಇನ್ನು ಒಂಬತ್ತೇ ವರ್ಷ. ಆರು ವರ್ಷದ ರಜೆ ಬಾಕಿ ಉಳಿಯುತ್ತಲ್ಲೇ!”

ಅದೂ ನಿಜವೇ ಎನಿಸಿ ಆಕೆ ಕಾಗದ, ಪೆನ್ನು ತಂದುಕೊಟ್ಟಳು. ಗುಮಾಸ್ತರು ಸೇವಾವಧಿ ವಿಸ್ತರಣೆ ಕೋರಿ ವಿನಯಪೂರ್ವಕ ಅರ್ಜಿ ಬರೆದರು. ಬ್ಯಾಂಕು ಮುಳುಗಿದ ಮೂರನೆಯ ದಿನ, ಹೊಸ ಮುಖ್ಯಸ್ಥನ ರುಜುವಿನೊಂದಿಗೆ ಅದು ಮಂಜೂರಾಗಿ ಬಂತು. ಮನೆಯವರಿಗೆಲ್ಲ ಬಹಳ ಸಂತೋಷವಾಯಿತು.