ರಿಸೀವರ್ ಸಾಹೇಬರ ಮೆರವಣಿಗೆ

ಎಲ್ಲ ಅನಾಹುತಕ್ಕೂ ಕಾರಣ ಒಂದೇ ವಾಕ್ಯ. ಅದನ್ನು ಬರೆಸಿದವರು ಸ್ವತಃ ಬ್ಯಾರಿಸ್ಟರ್ ಶಹಾಬುದ್ದೀನರು.

ಸಿಂದಗಿಯಲ್ಲಿ ಖಾಜಾಸಾಬ ಮತ್ತು ಮಲ್ಲಣ್ಣ ಪಾಲುದಾರಿಕೆಯಲ್ಲಿ ನಡೆಸುತ್ತಿದ್ದ ಬ್ಯಾಂಡ್ ಕಂಪನಿ ಒಡೆದಿತ್ತು. ಮೆರವಣಿಗೆಯಲ್ಲಿ ಮುಂದೆ ನಡೆಯಬೇಕಾದದ್ದು ಖಾಜಾಸಾಬನ ಕ್ಲಾರಿನೆಟ್ಟೋ ಮಲ್ಲಣ್ಣನ ಡೋಲೋ ಎಂಬ ವಾದ ಬೆಳೆದು, ಇಬ್ಬರೂ ಮುನಸೀಫ ಕೋರ್ಟಿನ ಮೆಟ್ಟಿಲು ಹತ್ತಿದ್ದರು. ದಾವೆ ಮುಗಿಯುವ ತನಕ ಕಂಪನಿಯನ್ನು ಕೋರ್ಟಿನ ಪರವಾಗಿ ನೋಡಿಕೊಳ್ಳಲು ಒಬ್ಬ ರಿಸೀವರ್ ಬೇಕಾಗಿತ್ತು. ಊರಿನ ಉಳಿದ ವಕೀಲರೆಲ್ಲ ಒಂದಲ್ಲ ಒಂದು ಕಡೆ ವಕಾಲತ್ತು ಹಾಕಿಬಿಟ್ಟಿದ್ದರು. ಯಾರ ಕಡೆಗೂ ಇಲ್ಲದವರು, ಅಂದರೆ ಯಾರೂ ಕರೆಯದವರು, ಶಹಾಬುದ್ದೀನರೊಬ್ಬರೇ.

ವಿಲಾಯತಿಯಲ್ಲಿ ಓದಿ, ದಿವಾಣಿ ಮತ್ತು ವ್ಯಾಪಾರದ ಖಟ್ಲೆಗಳನ್ನೇ ನಡೆಸುತ್ತೇನೆಂದು ಬೋರ್ಡು ಹಾಕಿಕೊಂಡಿದ್ದ ಅವರಿಗೆ, ಬೋರ್ಡಿನ ಬಣ್ಣ ಮಾಸಿದರೂ ಒಬ್ಬ ಕಕ್ಷಿದಾರ ಸಿಕ್ಕಿರಲಿಲ್ಲ. ಕೋರ್ಟು ತಮ್ಮನ್ನು ನೆನಪಿಸಿಕೊಂಡಿತಲ್ಲ ಎಂದು ಕಣ್ಣು ತುಂಬಿ ಬಂತು. ಆ ಕೃತಜ್ಞತೆಯ ಭರದಲ್ಲಿ, ಹುಕುಮಿನಲ್ಲಿ ಒಂದು ವಾಕ್ಯ ಸೇರಿಸಬೇಕೆಂದು ಅವರೇ ಸೂಚಿಸಿದರು: "ವಾದ್ಯಗಳು ರಿಸೀವರರ ಕಣ್ಣಿಂದ ಮರೆಯಾಗತಕ್ಕದ್ದಲ್ಲ, ಆದರೆ ಅದರಿಂದ ಕಂಪನಿಯ ಧಂದೆ ನಿಲ್ಲತಕ್ಕದ್ದಲ್ಲ." ಮುನಸೀಫರು ತಲೆದೂಗಿ ಸಹಿ ಹಾಕಿದರು. ಡೋಲು, ಕ್ಲಾರಿನೆಟ್ಟು, ತುತ್ತೂರಿಗಳೆಲ್ಲ ಬ್ಯಾರಿಸ್ಟರರ ಕಚೇರಿಯ ಕಾನೂನು ಪುಸ್ತಕಗಳ ಮಗ್ಗುಲಲ್ಲಿ ಬಂದು ಕೂತವು.

ಅದಾದ ವಾರದಲ್ಲೇ ಅವರ ಬಾಳಿನ ದೊಡ್ಡ ದಿನ ಬಂತು. ಮನಗೂಳಿಯ ಹತ್ತಿ ವ್ಯಾಪಾರಿ ಬಸಂತರಾಯ, ಜಿನ್ನಿಂಗ್ ಮಿಲ್ಲಿನ ಪಾಲಿನ ವಿಷಯದಲ್ಲಿ ತಮ್ಮನ ಮೇಲೆ ದಾವೆ ಹೂಡಲು ಆ ಸಂಜೆ ಇವರಲ್ಲಿಗೆ ಬರುವವನಿದ್ದ. ಮೊಮ್ಮಕ್ಕಳ ಕಾಲದವರೆಗೂ ಎಳೆಯಬಲ್ಲ ಖಟ್ಲೆ!

"ಈ ಖಟ್ಲೆನೂ ತಪ್ಪಿದ್ರ ನಮ್ಮ ಅಬ್ಬಾನ ಅತ್ತರದ ಅಂಗಡಿಗೆ ನಡೀರಿ. ವಿಜಾಪುರದಾಗ ಗಲ್ಲಾಪೆಟ್ಟಿಗಿ ಮುಂದ ಕುಂದರೂದು ಅಂತ ಮಾತ ಆಗೈತಿ," ಎಂದು ಹೆಂಡತಿ ಶಮ್ಶುನ್ನೀಸಾ ನೆನಪಿಸಿದಳು. ಶಹಾಬುದ್ದೀನರಿಗೆ ಅತ್ತರೆಂದರೆ ಸೀನು.

ಅವರು ಕರಿ ಕೋಟಿಗೆ ಬ್ರಶ್ ಹಾಕುತ್ತಿರುವಾಗಲೇ ಹೊರಗೆ ಕೆಮ್ಮು ಕೇಳಿಸಿತು. ಕಟ್ಟೆಯ ಆ ತುದಿಗೆ ಖಾಜಾಸಾಬ, ಈ ತುದಿಗೆ ಮಲ್ಲಣ್ಣ. ಒಬ್ಬ ಚೂರು ಇತ್ತ ಸರಿದರೆ ಇನ್ನೊಬ್ಬ ಅಷ್ಟೇ ಅತ್ತ ಸರಿಯುತ್ತಿದ್ದ, ಎರಡು ಅಯಸ್ಕಾಂತಗಳ ಒಂದೇ ಜಾತಿಯ ತುದಿಗಳನ್ನು ಎದುರಿಗಿಟ್ಟ ಹಾಗೆ.

"ಸಾಹೇಬ್ರ, ಆ ಡೋಲಿನವಗ ಹೇಳ್ರಿ. ಇವತ್ತ ಆಲಮೇಲದಾಗ ರಾವಸಾಬನ ಮಗಳ ಲಗ್ನ ಐತಿ. ಬಸ್ಸಿನ ಹೊತ್ತಾತು."

"ಸಾಹೇಬ್ರ, ಆ ಪೀಪಿಯವಗ ಹೇಳ್ರಿ. ನನಗೂ ನೆನಪೈತಿ."

"ವಾದ್ಯ ತಗೊಂಡ ಹೋಗ್ರೆಪಾ, ನನಗ ಕೆಲಸ ಐತಿ," ಎಂದರು ಶಹಾಬುದ್ದೀನರು.

"ಅದ್ಹೆಂಗ ಆಗತೈತ್ರಿ? ನಿಮ್ಮ ಕಣ್ಣ ಮುಂದ ಇರಬೇಕಂತ ಹುಕುಂ ಐತಿ!" ಎಂದು ಇಬ್ಬರೂ ಒಟ್ಟಿಗೆ ಹೇಳಿ, ಒಟ್ಟಿಗೆ ಹೇಳಿದ್ದಕ್ಕೆ ಸಿಟ್ಟಾಗಿ ಬೇರೆ ಬೇರೆ ದಿಕ್ಕಿಗೆ ಮುಖ ತಿರುಗಿಸಿದರು.

ಬ್ಯಾರಿಸ್ಟರರು ಹುಕುಮಿನ ನಕಲು ತೆಗೆದು ಓದಿದರು. ತಾವೇ ಬರೆಸಿದ ವಾಕ್ಯದಲ್ಲಿ ನುಸುಳಲು ಒಂದು ಸಂದಿಯೂ ಇರಲಿಲ್ಲ.

ಗೋಡೆಯಾಚೆಯಿಂದ ನೆರೆಯ ಹುಚ್ಚವ್ವ ಇಣುಕಿದಳು. "ಹೋಗಿ ಬರ್ರಿ ಸಾಹೇಬ್ರ, ಮನ್ಯಾಗ ಕುಂತರ ಏನ್ ಮಾಡ್ತೀರಿ? ಆ ಬಸಂತರಾಯ ಬಂದ್ರ ನಾ ಕುಂದ್ರಸ್ತೇನಿ. ನಿಮ್ಮ ಬಗ್ಗೆ ಎಲ್ಲಾ ಹೇಳ್ತೇನಿ."

ಈ ಕೊನೆಯ ಭರವಸೆಯೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಸಂಜೆಯೊಳಗೆ ತಿರುಗಿ ಬರಲೇಬೇಕೆಂದುಕೊಂಡು ಹೊರಟರು. ಕೋರ್ಟಿನ ಕೆಲಸವೆಂದ ಮೇಲೆ ಕೋರ್ಟಿನ ಉಡುಪು: ಕರಿ ಕೋಟು, ಕೊರಳಿಗೆ ಬಿಳಿ ಪಟ್ಟಿ, ಕೈಯಲ್ಲಿ ಬೆಳ್ಳಿ ಹಿಡಿಕೆಯ ಬೆತ್ತ.

ಬಸ್ಸಿನಲ್ಲಿ ಕಂಡಕ್ಟರ್ ಡೋಲನ್ನು ನೋಡಿ, "ಇದು ಮ್ಯಾಲೆ," ಎಂದ.

"ಇದು ನನ್ನ ಕಣ್ಣ ಮುಂದ ಇರಬೇಕಪಾ. ಕೋರ್ಟಿನ ಹುಕುಂ."

"ಹಂಗಾರ ನೀವೂ ಮ್ಯಾಲೆ."

ವಿಲಾಯತಿಯ ಬ್ಯಾರಿಸ್ಟರ್ ಬಸ್ಸಿನ ನೆತ್ತಿಯ ಮೇಲೆ ಡೋಲನ್ನು ತಬ್ಬಿಕೊಂಡು ಆಲಮೇಲಕ್ಕೆ ಬಂದಿಳಿದಾಗ, ಧೂಳಿನಿಂದ ಜೋಳದ ಹಿಟ್ಟಿನಲ್ಲಿ ಹೊರಳಿಸಿ ತೆಗೆದವರಂತೆ ಕಾಣುತ್ತಿದ್ದರು. ಹೆಣ್ಣಿನ ತಂದೆ ರಾವಸಾಬ ಓಡಿ ಬಂದ.

"ಬ್ಯಾಂಡಿಗೆ ಹೊಸಾ ಮಾಸ್ತರ ಬಂದಾರಲ್ಲೋ! ಏನ ಕೋಟು, ಏನ ಪಟ್ಟಿ!"

"ನಾನು ಮಾಸ್ತರ ಅಲ್ಲ, ರಿಸೀವರ್."

"ಏನರೆ ಆಗ್ರಿ, ಲಗೂ ಸುರು ಮಾಡ್ರಿ. ಅಕ್ಷತಾ ಹೊತ್ತಾತು, ಮದಿಮಗ ಕುದರಿ ಮ್ಯಾಲೆ ಬೆವರಾಕತ್ತಾನ."

ಆದರೆ ಬ್ಯಾಂಡು ಸುರುವಾಗಲಿಲ್ಲ. ಖಾಜಾಸಾಬ ಒಂದು ಹೆಜ್ಜೆ ಮುಂದಿಟ್ಟರೆ ಮಲ್ಲಣ್ಣ ಎರಡು ಇಡುತ್ತಿದ್ದ. ಹೀಗೇ ಇಬ್ಬರೂ ಬಾರಿಸದೆ, ಊದದೆ, ಓಣಿಯ ಅರ್ಧ ದಾಟಿಬಿಟ್ಟರು. ಕುದುರೆ ಹಿಂದೆಯೇ ಉಳಿಯಿತು. ಹೆಂಗಸರು ನಗತೊಡಗಿದರು. ರಾವಸಾಬ ಕೈಮುಗಿದು, "ಯಪ್ಪಾ, ನನ್ನ ಮರ್ಯಾದಿ ಉಳಸ್ರಿ," ಎಂದ.

ಶಹಾಬುದ್ದೀನರೊಳಗಿನ ಕಾನೂನು ಎದ್ದು ನಿಂತಿತು. "ದಾವೆ ಇತ್ಯರ್ಥ ಆಗೂ ತನಕ ನಿಮ್ಮಿಬ್ಬರಿಗೂ ಮುಂದಿನ ಜಾಗಾದ ಹಕ್ಕಿಲ್ಲ. ಅದು ರಿಸೀವರನ ತಾಬಾದಾಗ ಐತಿ!" ಎಂದು ಘೋಷಿಸಿ, ತಾವೇ ಮುಂದೆ ಬಂದು ನಿಂತರು.

ನಡೆಯತೊಡಗಿದರು. ಒಂದು ನಾಯಿ ಕಾಲಿಗೆ ಬಂತು, ಬೆತ್ತ ಎತ್ತಿದರು. ಅದನ್ನೇ ಸನ್ನೆಯೆಂದುಕೊಂಡು ಕ್ಲಾರಿನೆಟ್ಟು ಎತ್ತಿಕೊಂಡಿತು. ನಾಯಿ ಬಿಡಲಿಲ್ಲ, ಬೆತ್ತ ಜೋರಾಗಿ ಬೀಸಿದರು. ಡೋಲು ಗುಡುಗಿತು. ಈವರೆಗೆ ಒಬ್ಬರನ್ನೊಬ್ಬರು ನೋಡಿ ಉರಿಯುತ್ತಿದ್ದ ಇಬ್ಬರೂ ಈಗ ಬೆತ್ತವನ್ನು ಮಾತ್ರ ನೋಡುತ್ತಿದ್ದರು. ಗುಡಿಯ ತಿರುವಿಗೆ ಬರುವಷ್ಟರಲ್ಲಿ ನಾಯಿ ಹೋಗಿತ್ತು. ಆದರೂ ಬೆತ್ತ ನಿಂತಿರಲಿಲ್ಲ. ಬೆನ್ನ ಹಿಂದಿನ ಆ ನಾದ ಅಂಗಾಲಿನಿಂದ ಹತ್ತಿ ಎದೆಗೆ ಬಂದಾಗ, ಬ್ಯಾರಿಸ್ಟರರು ತಮಗೆ ಒಂದೂ ಖಟ್ಲೆಯಿಲ್ಲ ಎಂಬುದನ್ನು ಮೊದಲ ಬಾರಿಗೆ ಮರೆತರು.

ಮರುಗಳಿಗೆ ನೆನಪಾಯಿತು. ಬೀಗರ ಸಾಲಿನಲ್ಲಿ ಬಸಂತರಾಯ ನಿಂತಿದ್ದ! ಪಕ್ಕದಲ್ಲಿ ಅವನ ತಮ್ಮ.

ಅಕ್ಷತೆ ಬಿದ್ದದ್ದೇ ಬ್ಯಾರಿಸ್ಟರರು ಡೋಲಿನ ಹಿಂದೆ ಅಡಗಿದರು. ಬಸಂತರಾಯ ಅಲ್ಲಿಗೇ ಬಂದ.

"ಸಂಜೀಕ ನಿಮ್ಮ ಕಡೀನ ಬರಾಂವಿದ್ದೆ ಸಾಹೇಬ್ರ, ಇಲ್ಲೇ ಸಿಕ್ಕಿರಿ."

"ಇದು ಕೋರ್ಟಿನ ಕೆಲಸರಿ. ನಿಮ್ಮ ದಾವೆಯ ಕರಡು..."

"ಯಾವ ದಾವೆ?" ಬಸಂತರಾಯ ಅವರ ಎರಡೂ ಕೈ ಹಿಡಿದುಕೊಂಡ. "ನಿಮ್ಮನ್ನ ನೋಡಿ ನಾ ನಕ್ಕೆ, ಅಲ್ಲಿ ನಿಂತಿದ್ದ ನಮ್ಮ ತಮ್ಮನೂ ನಕ್ಕ. ಅಣ್ಣಾ ಅಂದ. ಅವನ ಬಾಯಾಗ ಆ ಮಾತ ಕೇಳಿ ವರ್ಷಾಗಿತ್ತರಿ. ಮಿಲ್ಲು ಕೂಡೇ ನಡಸ್ತೇವಿ. ನಿಮ್ಮ ಉಪಕಾರ ಹ್ಯಾಂಗ ತೀರಸ್ಲಿ?"

ಉಪಕಾರ ತೀರಿಸುವ ದಾರಿಯನ್ನು ಹೇಳಲು ಶಹಾಬುದ್ದೀನರು ಬಾಯಿ ತೆರೆದರು. ಅಷ್ಟರಲ್ಲಿ ರಾವಸಾಬ ಬಂದು ಕೊರಳಿಗೆ ಹಾರ ಹಾಕಿ, ತೆರೆದ ಬಾಯಿಗೆ ಹೂರಣದ ಹೋಳಿಗೆ ಇಟ್ಟ.

ಸಂಜೆ ಮನೆಗೆ ಬಂದವರೇ ಹಾರ ತೆಗೆದಿಟ್ಟರು. "ಸೋತೆ. ಗಂಟು ಕಟ್ಟು, ಅತ್ತರದ ಅಂಗಡಿಗೆ ಹೋಗೂಣು."

"ಇನ್ನೆಲ್ಲಿ ಅಂಗಡಿ?" ಶಮ್ಶುನ್ನೀಸಾಳ ಮುಖ ಅರಳಿತ್ತು. "ಮಧ್ಯಾಹ್ನ ಅಬ್ಬಾ ಬಂದಿದ್ರು. ಹುಚ್ಚವ್ವ ಎಲ್ಲಾ ಹೇಳಿದ್ಲಂತ, ಅಳಿಯಂದ್ರಿಗೆ ಬ್ಯಾಂಡ್ ಕಂಪನ್ಯಾಗ ದೊಡ್ಡ ಕೆಲಸ ಹತ್ತೈತಿ ಅಂತ. ಇಲ್ಲೇ ನಿಂತ, ದೊಡ್ಡ ಉಪಕಾರ ಆತು ಅಂತ ಅಲ್ಲಾಗ ಶುಕ್ರಗುಜಾರಿ ಮಾಡಿದ್ರು. ಗಲ್ಲಾಪೆಟ್ಟಿಗಿ ಮುಂದ ಚಿಕ್ಕಪ್ಪನ ಮಗನ್ನ ಕುಂದ್ರಸ್ತಾರಂತ."

ಅವರು ಕೋಟಿನ ಧೂಳು ಕೊಡವಿ, ಚಹಾ ಕುಡಿದು ಹೊರಗೆ ಬಂದರು. ಖಾಜಾಸಾಬ, ಮಲ್ಲಣ್ಣ ಕಟ್ಟೆಯ ಒಂದೇ ತುದಿಯಲ್ಲಿ, ಒಂದೇ ಬೀಡಿಯನ್ನು ಹಂಚಿಕೊಂಡು ಕೂತಿದ್ದರು.

"ರಾಜಿ ಆದ್ವಿರಿ ಸಾಹೇಬ್ರ," ಎಂದ ಮಲ್ಲಣ್ಣ. "ನಿಮ್ಮ ಪುಣ್ಯಾ."

"ಛಲೋ ಆತಪಾ," ಎಂದರು ಶಹಾಬುದ್ದೀನರು. ಅವರಿಗೇ ಆಶ್ಚರ್ಯವಾಗುವಂತೆ, ಅದು ಮನಸಾರೆ ಬಂದಿತ್ತು. "ಹಂಗಾರ ನನ್ನ ಕೆಲಸ ಮುಗೀತು."

"ಮುಗಿಯೂದ್ ಹ್ಯಾಂಗ್ರಿ?" ಎಂದ ಖಾಜಾಸಾಬ. "ರಾಜಿಗೆ ಒಂದ ಕರಾರ ಐತಿ. ಮುಂದ ಅವನೂ ನಡ್ಯಾಂಗಿಲ್ಲ, ನಾನೂ ನಡ್ಯಾಂಗಿಲ್ಲ. ನೀವು ನಡೀಬೇಕು. ಬಸ್ಸ ಇಳದ ಕೂಡಲೇ ಮುನಸೀಫ ಸಾಹೇಬ್ರ ಮನೀಗೇ ಹೋಗಿ ಕೇಳಿದ್ವಿ. ಭಾಳ ಖುಷಿಯಾಗಿ, ಬರಕೊಂಡ ಬರ್ರಿ ಅಂದಾರ."

"ನಾಳೆ ಇಂಡಿ ಊರಾಗ ಲಗ್ನ ಐತ್ರಿ," ಎಂದ ಮಲ್ಲಣ್ಣ ಏಳುತ್ತ. "ಕಂಡಕ್ಟರಗ ಹೇಳೇವಿ. ಬಸ್ಸಿನ ಮ್ಯಾಲೆ ನಿಮಗ ಜಮಖಾನಿ ಹಾಸಿರ್ತಾನ."