ರಾಣಿಯನ್ನು ಕಣ್ಣಾರೆ ಕಂಡ ಪಡಿಫಟ್

ಎಲ್ಲ ಶುರುವಾದದ್ದು ಒಂದು ಕುರ್ಚಿಯ ಮಾತಿನಿಂದ. ರಾಣಿಯ ಪಟ್ಟಾಭಿಷೇಕಕ್ಕೆ ಇನ್ನು ಹದಿನೈದು ದಿನವಿದೆ ಎನ್ನುವಾಗ ಲ್ಯೂಟನ್ ಪಟ್ಟಣದ ಪ್ಲಮ್ ಬೀದಿಯ ಸಿರಿಲ್ ಗೇಜ್ಲಿ ಮನೆಗೆ ಟೆಲಿವಿಷನ್ ತಂದ. ಆ ಬೀದಿಗೆ ಅದೇ ಮೊದಲನೆಯದು. ತಂದವನು ಸುಮ್ಮನೆ ಕೂರಲಿಲ್ಲ. ಮನೆ ಮನೆಗೂ ಹೋಗಿ, ಅವತ್ತು ಎಲ್ಲರೂ ತನ್ನಲ್ಲಿಗೇ ಬರಬೇಕೆಂದು ಮದುವೆಗೆ ಕರೆದಂತೆ ಕರೆದ. ಎದುರುಮನೆಯ ಹೊರೇಸ್ ಪಡಿಫಟ್‌ನನ್ನೂ ಕರೆದ. ಕರೆದು ಹೊರಟವನು ಬಾಗಿಲಲ್ಲಿ ತಿರುಗಿ ನಿಂತು ಇನ್ನೊಂದು ಮಾತು ಸೇರಿಸಿದ.

"ಕುರ್ಚಿ ಮಾತ್ರ ನಿಮ್ಮನೇದೇ ತನ್ನಿ ಪಡಿಫಟ್. ಸ್ವಲ್ಪ ಎತ್ತರದ್ದು ತನ್ನಿ. ನಮ್ಮನೇ ಕುರ್ಚೀಲಿ ಕೂತ್ರೆ ನಿಮಗೆ ಮುಂದಿನೋರ ಕತ್ತು ಬಿಟ್ರೆ ಏನೂ ಕಾಣಲ್ಲ."

ಹೊರೇಸ್ ಗಿಡ್ಡ ಎನ್ನುವುದು ಬೀದಿಗೆಲ್ಲ ಗೊತ್ತಿದ್ದ ವಿಷಯವೇ. ಆದರೂ ಗೊತ್ತಿದ್ದದ್ದನ್ನೆಲ್ಲ ಬಾಗಿಲಲ್ಲಿ ನಿಂತು ಹೇಳಬೇಕೆ? ಹೊರೇಸ್ ನೆಟ್ಟಗೆ ನಿಂತ. "ಪೆಟ್ಟಿಗೆಯೊಳಗಿನ ಗೇಣುದ್ದದ ರಾಣೀನ ನೀವೆಲ್ಲ ನೋಡ್ಕೊಳ್ಳಿ. ನಾನು ಲಂಡನ್ನಿಗೆ ಹೋಗಿ ಆಳೆತ್ತರದ ರಾಣೀನ ಕಣ್ಣಾರೆ ನೋಡ್ಕೊಂಡು ಬರ್ತೀನಿ" ಎಂದ. ಹಾಗೊಂದು ಯೋಚನೆ ತನ್ನ ತಲೆಯಲ್ಲಿದೆ ಎಂದು ಆ ಮಾತು ಬಾಯಿಂದ ಹೊರಬೀಳುವವರೆಗೆ ಅವನಿಗೇ ಗೊತ್ತಿರಲಿಲ್ಲ. ಒಳಗೆ ಹೆಣಿಗೆ ಹಾಕುತ್ತಿದ್ದ ಹೆಂಡತಿ ವಿನಿಯ ಕೈಯಲ್ಲಿ ಎರಡು ಕುಣಿಕೆ ತಪ್ಪಿದವು.

ಹೊರೇಸ್ ಟೋಪಿ ಕಾರ್ಖಾನೆಯ ಕೆಲಸಗಾರ. ಉಣ್ಣೆಯ ಟೋಪಿಯನ್ನು ಹಬೆಗೆ ಹಿಡಿದು ಮೆತ್ತಗೆ ಮಾಡಿ, ಮರದ ಅಚ್ಚಿನ ಮೇಲೆ ಎಳೆದು ಕೂರಿಸುವುದು ಅವನ ಇಪ್ಪತ್ತೆಂಟು ವರ್ಷದ ಕಸುಬು. ಅರ್ಧ ದೇಶಕ್ಕೆ ಟೋಪಿ ಹಾಕಿದವನು ನಾನು ಎಂದು ಆಗಾಗ ಹೇಳಿಕೊಳ್ಳುತ್ತಿದ್ದ. ಎಂಥ ತೊಡಕೇ ಬರಲಿ, ಸ್ವಲ್ಪ ಹಬೆ ತೋರಿಸಿ ಎಳೆದರೆ ಬೇಕಾದ ಆಕಾರಕ್ಕೆ ಬರುತ್ತದೆ ಎಂಬ ಧೈರ್ಯ ಅವನಿಗೆ ಆ ಕಸುಬಿನಿಂದಲೇ ಬಂದಿತ್ತು. ಸಂಜೆಯ ಹೊತ್ತಿಗೆ ಸುದ್ದಿ ಬೀದಿಯ ಎರಡೂ ತುದಿ ಮುಟ್ಟಿತು. ಪಕ್ಕದ ಮನೆಯ ಎಂಬತ್ತನಾಲ್ಕರ ಟಿಟ್ಮಸ್ ಅಜ್ಜಿ ಬೇಲಿಯ ಹತ್ತಿರ ಕರೆದು ಅವನ ಕೆನ್ನೆ ತಟ್ಟಿದರು. ಇನ್ನು ಹಿಂದೆಗೆಯುವ ಹಾಗಿರಲಿಲ್ಲ.

ಜೂನ್ ಎರಡರ ಮಂಗಳವಾರ ಬೆಳಗಿನ ಮೊದಲ ರೈಲಿಗೆ ಹೊರೇಸ್ ಹೊರಟ. ಚೀಲದಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್, ಫ್ಲಾಸ್ಕಿನ ತುಂಬ ಟೀ, ಕಾಲಡಿಗೆ ಹಾಕಿಕೊಳ್ಳಲು ಒಂದು ಮರದ ಡಬ್ಬ. ಲಂಡನ್ನಿನಲ್ಲಿ ಇಳಿದರೆ ಮಳೆ. ಜೂನ್ ತಿಂಗಳೆಂಬ ನಾಚಿಕೆಯೂ ಇಲ್ಲದೆ ಚಳಿಗಾಲದ ಮಳೆಯಂತೆ ಸುರಿಯುತ್ತಿತ್ತು. ಅರಮನೆಯ ಮುಂದಿನ ದೊಡ್ಡ ರಸ್ತೆಗೆ ಬಂದು ನೋಡಿದರೆ, ಎರಡು ದಿನದಿಂದ ಅಲ್ಲೇ ಮಲಗಿ ಎದ್ದಿದ್ದ ಜನ ಹತ್ತು ಸಾಲು ಕಟ್ಟಿ ನಿಂತಿದ್ದರು. ಹೊರೇಸ್ ಧೈರ್ಯಗೆಡಲಿಲ್ಲ. ಹನ್ನೊಂದನೆಯ ಸಾಲಿನಲ್ಲಿ ಡಬ್ಬವಿಟ್ಟು ಹತ್ತಿದ. ನೆನೆದ ಡಬ್ಬ ಅವನನ್ನು ಒಂದು ನಿಮಿಷ ಹೊತ್ತುಕೊಂಡು, ಆಮೇಲೆ ಬಿಸ್ಕತ್ತಿನಂತೆ ಮುರಿಯಿತು.

ಆಗ ಅವನಿಗೆ ಒದಗಿಬಂದವಳು ಡೋರಾ ಓಲ್ಡ್ರಾಯ್ಡ್. ಯಾರ್ಕ್‌ಷೈರಿನಿಂದ ಬಂದ ಭಾರೀ ಹೆಂಗಸು. ಎರಡು ಹಗಲು ಎರಡು ರಾತ್ರಿ ಆ ಪಾದಚಾರಿ ಹಾದಿಯಲ್ಲಿ ಸಂಸಾರ ಹೂಡಿದ್ದಳಾದ್ದರಿಂದ ಅಷ್ಟು ಜಾಗಕ್ಕೆ ಅವಳೇ ದೊರೆಸಾನಿ. ಯಾರು ಎಲ್ಲಿ ನಿಲ್ಲಬೇಕು, ಯಾರು ಕೊಡೆ ಮಡಚಬೇಕು, ಎಲ್ಲವೂ ಅವಳ ಅಪ್ಪಣೆ. ಡಬ್ಬ ಮುರಿದ ಸದ್ದಿಗೆ ತಿರುಗಿ ಹೊರೇಸನನ್ನು ಮೇಲಿಂದ ಕೆಳಗೆ ನೋಡಿದಳು. ಅಷ್ಟು ನೋಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಅಯ್ಯೋ ಪಾಪ, ಇವರನ್ನ ಮುಂದಕ್ಕೆ ದಾಟಿಸ್ರಪ್ಪ. ಗಿಡ್ಡೋರು ಹಿಂದೆ ನಿಂತು ಏನ್ ನೋಡ್ತಾರೆ" ಎಂದಳು.

ಹತ್ತು ಸಾಲಿನ ಕೈಗಳು ಹೊರೇಸನನ್ನು ಅಂಚೆ ಚೀಲದಂತೆ ಒಬ್ಬರಿಂದೊಬ್ಬರಿಗೆ ದಾಟಿಸಿದವು. ಕಣ್ಣು ಬಿಟ್ಟಾಗ ಅವನು ರಸ್ತೆಯ ಅಂಚಿನಲ್ಲೇ, ಮೊದಲ ಸಾಲಿನಲ್ಲಿ ನಿಂತಿದ್ದ. ಬೆನ್ನಿಗೆ ಡೋರಾ, ಎದುರಿಗೆ ಖಾಲಿ ರಸ್ತೆ. ಗಿಡ್ಡನಾಗಿ ಹುಟ್ಟಿದ್ದಕ್ಕೆ ಐವತ್ತೊಂದು ವರ್ಷದಲ್ಲಿ ಮೊದಲ ಸಲ ದೇವರಿಗೆ ಕೈಮುಗಿದ. ಗೇಜ್ಲಿಯ ಮುಖ ಈಗ ನೋಡಬೇಕಿತ್ತು ಎಂದುಕೊಂಡು ಒಂದು ಸ್ಯಾಂಡ್‌ವಿಚ್ ತಿಂದ.

ಸ್ಯಾಂಡ್‌ವಿಚ್ ಇನ್ನೂ ಗಂಟಲಲ್ಲಿ ಇಳಿಯುತ್ತಿರುವಾಗ ರಸ್ತೆಯುದ್ದಕ್ಕೂ ಕಾವಲು ನಿಲ್ಲುವ ಸಿಪಾಯಿಗಳು ಬಂದರು. ಹೆಜ್ಜೆಗೊಬ್ಬರಂತೆ ನಿಲ್ಲುತ್ತ ಬಂದವರಲ್ಲಿ ಆರೂವರೆ ಅಡಿಯ ಒಬ್ಬ ಸರಿಯಾಗಿ ಹೊರೇಸನ ಮೂಗಿನ ಮುಂದೆ ನಿಂತ. ಅವನ ತಲೆಯ ಮೇಲೆ ಒಂದೂವರೆ ಅಡಿಯ ಕರಡಿ ತುಪ್ಪಳದ ಟೋಪಿ. ಜೀವಮಾನವಿಡೀ ಟೋಪಿಯಿಂದ ಅನ್ನ ತಿಂದವನಿಗೆ ಟೋಪಿಯೇ ಗೋಡೆಯಾಗಿ ಎದ್ದು ನಿಂತಿತು. ಎಡಕ್ಕೆ ವಾಲಿದರೆ ಸಿಪಾಯಿಯ ಮೊಣಕೈ, ಬಲಕ್ಕೆ ವಾಲಿದರೆ ಬಂದೂಕು. ಸ್ವಲ್ಪ ಪಕ್ಕಕ್ಕೆ ಸರಿಯಬಹುದೇ ಎಂದು ಹೊರೇಸ್ ಬಹಳ ಮರ್ಯಾದೆಯಿಂದ ಕೇಳಿದ. ಸಿಪಾಯಿ ಕಲ್ಲಿನ ಕಂಬದಷ್ಟೇ ಉತ್ತರ ಕೊಟ್ಟ.

ಹೊರೇಸ್ ಅದಕ್ಕೂ ಉಪಾಯ ಕಂಡುಕೊಂಡ. ಇಂಥವರಿಗೆಂದೇ ಅಲ್ಲಿ ಎರಡು ಕನ್ನಡಿ ಕೂರಿಸಿದ ರಟ್ಟಿನ ಕೊಳವೆ ಮಾರುತ್ತಿದ್ದರು. ಮೇಲಿನ ತುದಿಯನ್ನು ಜನರ ತಲೆಗಿಂತ ಎತ್ತರಕ್ಕೆ ಹಿಡಿದು ಕೆಳಗಿನ ತುದಿಯಲ್ಲಿ ಕಣ್ಣಿಟ್ಟರೆ ಆಚೆಯದೆಲ್ಲ ಕಾಣುತ್ತದೆ. ಒಂದನ್ನು ತರಿಸಿಕೊಂಡು ನೋಡಿದ. ರಸ್ತೆ, ಬಾವುಟ, ಆಚೆ ಬದಿಯ ಜನರ ಹಲ್ಲು ಸಹ ಕಂಡವು. ಹತ್ತೂವರೆಯ ಹೊತ್ತಿಗೆ ದೂರದಿಂದ ಜಯಕಾರ ಅಲೆಯಂತೆ ಉರುಳಿ ಬರತೊಡಗಿತು. ಹೊರೇಸ್ ಕೊಳವೆ ಎತ್ತಿ ಕಣ್ಣಿಟ್ಟ. ಅಷ್ಟರಲ್ಲಿ ಮಳೆಗೆ ನೆನೆದು ನೆನೆದು ಮೆತ್ತಗಾಗಿದ್ದ ರಟ್ಟು ಬೆಂದ ಶಾವಿಗೆಯಂತೆ ನಡುವಿಗೆ ಮಡಚಿಕೊಂಡಿತು. ಬಂಗಾರದ ಸಾರೋಟು ಎದುರಿನಿಂದ ಹಾದುಹೋದಷ್ಟು ಹೊತ್ತೂ ಅವನಿಗೆ ಕನ್ನಡಿಯಲ್ಲಿ ಕಂಡದ್ದು ತನ್ನದೇ ಬಲಗಾಲಿನ ಬೂಟು.

"ನೋಡಿದ್ರಾ? ನಮ್ಮ ಕಡೆಗೇ ನಕ್ಕಳು" ಎಂದು ಡೋರಾ ಹಿಂದಿನಿಂದ ಕಣ್ಣೊರೆಸಿಕೊಂಡಳು.

ಆದರೆ ರಾಣಿ ಹೋದವಳು ವಾಪಸು ಬರಲೇಬೇಕಲ್ಲ. ಕಿರೀಟ ಇಟ್ಟುಕೊಂಡು ಇದೇ ರಸ್ತೆಯಲ್ಲಿ ಅರಮನೆಗೆ ಮರಳುತ್ತಾಳೆ. ನೋಡುವುದಾದರೆ ಕಿರೀಟದ ಸಮೇತ ನೋಡಬೇಕು, ಬರಿದಲೆಯಲ್ಲಿ ನೋಡಿ ಬಂದ ಲಾಭವೇನು ಎಂದು ಹೊರೇಸ್ ತನಗೆ ತಾನೇ ಸಮಾಧಾನ ಹೇಳಿಕೊಂಡ. ಮೈ ಬೆಚ್ಚಗಾಗಲೆಂದು ಫ್ಲಾಸ್ಕಿನ ಟೀಯನ್ನೆಲ್ಲ ಕುಡಿದ. ಧ್ವನಿವರ್ಧಕದಲ್ಲಿ ಚರ್ಚಿನ ಪ್ರಾರ್ಥನೆ, ಹಾಡು, ತುತ್ತೂರಿ ಒಂದರ ಹಿಂದೊಂದು ಕೇಳಿಸುತ್ತಿದ್ದವು. ಕಿರೀಟವಿಟ್ಟ ಗಳಿಗೆಗೆ ಎಲ್ಲರೊಂದಿಗೆ ತಾನೂ ಟೋಪಿ ಎಸೆದ. ಟೋಪಿ ಹಿಂದಿರುಗಿ ಬರಲಿಲ್ಲ. ಬದಲಿಗೆ, ಕುಡಿದ ಟೀ ತನ್ನ ದಾರಿ ಕೇಳತೊಡಗಿತು.

ತಡೆಯುವಷ್ಟು ತಡೆದು, ಜಾಗ ನೋಡಿಕೊಳ್ಳಲು ಡೋರಾಗೆ ಹೇಳಿ, ಪಾರ್ಕಿನ ಕಡೆ ಓಡಿದ. ಶೌಚಾಲಯದ ಮುಂದಿನ ಸಾಲು ರಾಣಿಯ ಮೆರವಣಿಗೆಗಿಂತ ಉದ್ದವಾಗಿತ್ತು. ಒಂದೂವರೆ ಗಂಟೆ ಅದರಲ್ಲಿ ನಿಂತ. ಕೊನೆಗೆ ಸರದಿ ಬಂದು ಹೊರಬಿದ್ದಾಗ ತೋಪಿನ ಸದ್ದು ಕೇಳಿಸಿತು. ಮೆರವಣಿಗೆ ಹಿಂದಿರುಗುತ್ತಿತ್ತು. ಹೊರೇಸ್ ಹುಲ್ಲಿನ ಮೇಲೆ ಬಿದ್ದೆನೋ ಕೆಟ್ಟೆನೋ ಎಂದು ಓಡಿದ, ಕೆಸರಿನಲ್ಲಿ ಜಾರಿದ, ಹೋಗಿ ಬಿದ್ದದ್ದು ಪ್ರಥಮ ಚಿಕಿತ್ಸೆಯ ಇಬ್ಬರು ಸ್ವಯಂಸೇವಕಿಯರ ಕಾಲಬುಡದಲ್ಲಿ.

ಬೆಳಗಿನಿಂದ ಅವರಿಗೆ ಮೂರ್ಛೆ ಹೋದವರನ್ನು ಎತ್ತಿ ಎತ್ತಿ ಅಭ್ಯಾಸವಾಗಿತ್ತು. ತಲೆಯ ಮೇಲೆ ಟೋಪಿಯಿಲ್ಲ, ತುಟಿ ನೀಲಿ, ಮೈಯೆಲ್ಲ ಕೆಸರು. ಇಂಥ ಒಳ್ಳೆಯ ರೋಗಿ ಅವರಿಗೆ ಅವತ್ತು ಸಿಕ್ಕಿರಲಿಲ್ಲ. ಏನೂ ಆಗಿಲ್ಲ, ಬಿಡಿ ಎಂದು ಹೊರೇಸ್ ಗೋಗರೆದ. ಹಾಗಂತಲೇ ಎಲ್ಲರೂ ಹೇಳುವುದು ಎಂದು ದೊಡ್ಡವಳು ಅವನ ಬಾಯಿಗೆ ಥರ್ಮಾಮೀಟರ್ ಇಟ್ಟಳು. ಚಿಕ್ಕವಳು ಕಂಬಳಿಯನ್ನು ಗದ್ದದವರೆಗೆ ಹೊದಿಸಿ ಸುತ್ತಿದಳು. ಆಚೆ ಕುದುರೆಯ ಗೊರಸಿನ ಸದ್ದು, ಬ್ಯಾಂಡು, ಲಕ್ಷ ಜನರ ಜಯಕಾರ. ಈಚೆ ಡೇರೆಯೊಳಗೆ ಹೊರೇಸ್ ಪಡಿಫಟ್ ಹಾಸಿಗೆಯ ಸುರುಳಿಯಂತೆ ಮಲಗಿ ಡೇರೆಯ ನೆತ್ತಿ ನೋಡುತ್ತಿದ್ದ. ಎರಡು ಗಂಟೆ ಕಳೆದು, ಇನ್ನು ಹೋಗಬಹುದು ಎಂದು ಬಿಟ್ಟಾಗ ರಸ್ತೆಯಲ್ಲಿ ಉಳಿದದ್ದು ನೆನೆದ ಕಾಗದ, ಕಿತ್ತಳೆ ಸಿಪ್ಪೆ ಮತ್ತು ಕುದುರೆ ಲದ್ದಿ.

ಬೇರೆಯವನಾಗಿದ್ದರೆ ಅಲ್ಲೇ ಕೂತು ಅಳುತ್ತಿದ್ದ. ಹೊರೇಸ್ ರೈಲಿನಲ್ಲಿ ಕಿಟಕಿಯ ಪಕ್ಕ ಸೀಟು ಹಿಡಿದು ಆಲೋಚಿಸಿದ. ಲ್ಯೂಟನ್ ಬರುವ ಹೊತ್ತಿಗೆ ಎಲ್ಲ ಮತ್ತೆ ಅಚ್ಚಿನ ಮೇಲೆ ಕೂತಿತ್ತು. ಬೀದಿಯವರೆಲ್ಲ ಗೇಜ್ಲಿಯ ಪೆಟ್ಟಿಗೆಯಲ್ಲಿ ಪೂರ್ತಿ ನೋಡಿರುತ್ತಾರೆ. ತಾನು ಬಾಯಿ ಬಿಡದೆ, "ಮೊದಲು ನಿಮಗೇನು ಕಂಡಿತು ಹೇಳಿ" ಎನ್ನುವುದು. ಅವರು ಇಂಥ ನಿಲುವಂಗಿ ಎಂದರೆ, ಎದುರಿಗೆ ನಿಂತು ನೋಡಿದರೆ ಇನ್ನೂ ಚೆನ್ನ ಎನ್ನುವುದು. ಇಂಥ ಕುದುರೆ ಎಂದರೆ, ಅದರ ಉಸಿರು ನನ್ನ ಮುಖಕ್ಕೇ ಬಡಿಯಿತು ಎನ್ನುವುದು. ಅಷ್ಟೇ. ಸಂಜೆ ಏಳೂವರೆಗೆ ಅವನು ಶಿಳ್ಳೆ ಹಾಕುತ್ತ ಪ್ಲಮ್ ಬೀದಿಗೆ ಕಾಲಿಟ್ಟ.

ಬೀದಿ ನಿಶ್ಶಬ್ದವಾಗಿತ್ತು. ಗೇಜ್ಲಿಯ ಮನೆಯ ಬಾಗಿಲಲ್ಲಿ ವಿನಿ ಕಾಯುತ್ತಿದ್ದಳು. ಅವನನ್ನು ಕಂಡದ್ದೇ ಒಳಗೆ ತಿರುಗಿ, "ಬಂದ್ರು" ಎಂದಳು.

ಮುಂಭಾಗದ ಕೋಣೆಯಲ್ಲಿ ಇಪ್ಪತ್ತಾರು ಜನ ತಂತಮ್ಮ ಕುರ್ಚಿಯಲ್ಲಿ ಕೂತಿದ್ದರು. ಟೆಲಿವಿಷನ್ನಿನ ಮೇಲೆ ಹೆಣಕ್ಕೆ ಮುಸುಕು ಹಾಕಿದಂತೆ ಮೇಜಿನ ಬಟ್ಟೆ ಹೊದಿಸಿತ್ತು. ಬೆಳಿಗ್ಗೆ ರಾಣಿಯ ಸಾರೋಟು ಇನ್ನೇನು ಅರಮನೆಯ ಬಾಗಿಲು ದಾಟಬೇಕು ಎನ್ನುವಾಗ ಚಿತ್ರ ಕುಗ್ಗುತ್ತ ಕುಗ್ಗುತ್ತ ಹೋಗಿ, ಬಟಾಣಿಯಷ್ಟು ಬೆಳ್ಳಗಿನ ಚುಕ್ಕೆಯಾಗಿ, ಆರಿಹೋಗಿತ್ತಂತೆ. ರಜೆಯ ದಿನ, ರಿಪೇರಿಯವನಿಲ್ಲ. ಪಕ್ಕದ ಬೀದಿಯ ಟೆಲಿವಿಷನ್ ಮನೆಗಳಲ್ಲಿ ಜನ ಮೆಟ್ಟಿಲ ಮೇಲೂ ತುಂಬಿದ್ದರು. ಕೊನೆಗೆ ಎಲ್ಲರೂ ಗೇಜ್ಲಿಯ ಮನೆಯಲ್ಲೇ ಕೂತು ರೇಡಿಯೋ ಕೇಳಿದರಂತೆ. ಇಷ್ಟನ್ನೂ ವಿನಿ ಒಂದೇ ಉಸಿರಿಗೆ ಹೇಳಿದಳು.

ಗೇಜ್ಲಿ ಎದ್ದುಬಂದು ಹೊರೇಸನ ಕೈ ಹಿಡಿದುಕೊಂಡ. ಅವನ ಮೋರೆ ನೋಡುವಂತಿರಲಿಲ್ಲ. "ನೀವು ಹೇಳಿದ್ದೇ ಸರಿ ಪಡಿಫಟ್. ಪೆಟ್ಟಿಗೆ ಪೆಟ್ಟಿಗೇನೇ. ರೇಡಿಯೋದಲ್ಲಿ ಮಾತು ಕಿವಿಗೆ ಬಿತ್ತು, ಕಣ್ಣಿಗೇನೂ ಬೀಳ್ಲಿಲ್ಲ. ಬೀದಿಗೆಲ್ಲ ರಾಣೀನ ನೋಡಿದೋರು ಅಂದ್ರೆ ನೀವೊಬ್ರೇ. ಬನ್ನಿ, ಕೂತ್ಕೊಳ್ಳಿ" ಎಂದು ತನ್ನ ತೋಳುಕುರ್ಚಿಯನ್ನು ಎಲ್ಲರ ಎದುರಿಗೆ ಎಳೆದಿಟ್ಟ.

ಹೊರೇಸ್ ಹೋಗಿ ಅದರಲ್ಲಿ ಕೂತ. ಈ ಹಬೆಗೆ ಅವನ ಬಳಿ ಅಚ್ಚಿರಲಿಲ್ಲ. ಎಲ್ಲ ಒಪ್ಪಿಕೊಂಡುಬಿಡೋಣ ಎಂದುಕೊಂಡು, "ನಿಜ ಹೇಳ್ಬೇಕು ಅಂದ್ರೆ..." ಎಂದು ಶುರುಮಾಡಿದ. ಮುಂದಿನ ಸಾಲಿನಲ್ಲಿದ್ದ ಟಿಟ್ಮಸ್ ಅಜ್ಜಿ ಅವನ ಮೊಣಕಾಲ ಮೇಲೆ ಕೈಯಿಟ್ಟರು.

"ನಿಜಾನೇ ಹೇಳಪ್ಪ, ಎಲ್ಲಾನೂ ಹೇಳು. ನಾನು ಆರು ವರ್ಷದೋಳಿದ್ದಾಗ ಹಳೇ ರಾಣೀನ ಅಪ್ಪನ ಹೆಗಲ ಮೇಲಿಂದ ನೋಡಿದ್ದೆ. ಇವಳನ್ನೂ ನೋಡಿ ಹೋಗೋಣ ಅಂತ ಬೆಳಿಗ್ಗೆ ಏಳಕ್ಕೇ ಬಂದು ಕೂತಿದೀನಿ."

ಆ ಮುಖಕ್ಕೆ ಡೇರೆಯ ಕತೆ ಹೇಳಲು ಯಾರಿಗೆ ಬಾಯಿ ಬರುತ್ತದೆ? ಹೊರೇಸ್ ಗಂಟಲು ಸರಿಮಾಡಿಕೊಂಡ. ರಾಣಿಯ ನಿಲುವಂಗಿ ನಸುನೀಲಿ, ಬೆಳಗಿನ ಆಕಾಶದ ಹಾಗೆ ಎಂದ. ಅಜ್ಜಿ ಕಣ್ಣು ಮುಚ್ಚಿ ತಲೆದೂಗಿದರು. ಅದನ್ನು ಕಂಡು ಅವನಿಗೆ ಹುರುಪು ಬಂತು. ಸಾರೋಟು ತನ್ನ ಮುಂದೆ ಬಂದಾಗ ಒಂದು ಗಳಿಗೆ ನಿಂತಿತು ಎಂದ. ಕಿಟಕಿಯಿಂದ ರಾಣಿ ತನ್ನನ್ನೇ ನೋಡಿ ನಕ್ಕಳು ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಗೇಜ್ಲಿ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಹಿಂದಿನಿಂದ ಕುದುರೆಯ ಮೇಲೆ ಬಂದ ದೊಡ್ಡ ಸರದಾರನೊಬ್ಬನ ಗರಿಯ ಟೋಪಿ ಗಾಳಿಗೆ ಹಾರಿ ನೀರಿನ ಗುಂಡಿಗೆ ಬಿತ್ತು, ಲಕ್ಷ ಜನ ನೋಡುತ್ತಿದ್ದಂತೆ ತಾನು ಕಾವಲಿನವನನ್ನು ದಾಟಿ ರಸ್ತೆಗಿಳಿದು ಅದನ್ನೆತ್ತಿ, ಒರೆಸಿ, ಕುಗ್ಗಿದ್ದನ್ನು ಸರಿಮಾಡಿ ಕೊಟ್ಟೆ, ಲ್ಯೂಟನ್ನಿನ ಕೈಗೆ ಬಿದ್ದ ಟೋಪಿ ಕೆಡುವುದುಂಟೇ ಎಂದ. ಮುಕ್ಕಾಲು ಗಂಟೆ ಯಾರೂ ಕೆಮ್ಮಲಿಲ್ಲ. ಮುಗಿದಾಗ ಇಪ್ಪತ್ತಾರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಿನಿ ಸೆರಗಿಲ್ಲದ್ದಕ್ಕೆ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು. ಪ್ಲಮ್ ಬೀದಿಯಲ್ಲಿ ಆ ಸಂಜೆ ಹೊರೇಸ್ ಪಡಿಫಟ್‌ಗಿಂತ ಎತ್ತರದ ಮನುಷ್ಯ ಇರಲಿಲ್ಲ.

ಚಪ್ಪಾಳೆ ನಿಂತ ಮೇಲೆ ಗೇಜ್ಲಿ ಕೈಯೆತ್ತಿದ. ಎಲ್ಲರನ್ನೂ ಕರೆದು ನಿರಾಸೆ ಮಾಡಿದ್ದು ತನ್ನ ಮನಸ್ಸನ್ನು ಕೊರೆಯುತ್ತಿದೆ ಎಂದ. ಅದಕ್ಕೇ ಪ್ರಾಯಶ್ಚಿತ್ತವಾಗಿ ಒಂದು ಏರ್ಪಾಡು ಮಾಡಿದ್ದೇನೆ ಎಂದ. ಇವತ್ತಿನ ಮೆರವಣಿಗೆಯನ್ನು ಮೊದಲಿನಿಂದ ಕೊನೆಯವರೆಗೆ ಬಣ್ಣದಲ್ಲಿ ಚಿತ್ರ ತೆಗೆದಿದ್ದಾರಂತೆ. ಬರುವ ವಾರ ಊರಿನ ಸಿನಿಮಾ ಮಂದಿರಕ್ಕೆ ಬರುತ್ತದಂತೆ. ಅಲ್ಲಿ ಟಿಕೆಟ್ ಹರಿಯುವ ತನ್ನ ನಾದಿನಿಗೆ ಹೇಳಿ ಬೀದಿಯವರಿಗೆಲ್ಲ ಮುಂದಿನ ಎರಡು ಸಾಲು ಕಾದಿರಿಸಿದ್ದಾನಂತೆ. ನಟ್ಟನಡುವಿನ ಸೀಟು ಪಡಿಫಟ್‌ಗೆ.

"ಪರದೆ ಅಂದ್ರೆ ಮನೆಯಷ್ಟು ದೊಡ್ಡದು. ಒಂದು ಗರಿ ಅಲ್ಲಾಡಿದ್ರೂ ಕಾಣುತ್ತೆ" ಎಂದ ಗೇಜ್ಲಿ.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಹೊರೇಸ್ ತೋಳುಕುರ್ಚಿಯಲ್ಲಿ ನಗುಮುಖ ಹೊತ್ತು ಹಾಗೇ ಕೂತಿದ್ದ. ಟಿಟ್ಮಸ್ ಅಜ್ಜಿ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕಿವಿಯ ಹತ್ತಿರ ಬಾಗಿದರು.

"ನಾನು ನಿನ್ನ ಪಕ್ಕಾನೇ ಕೂರ್ತೀನಿ ಕಣಪ್ಪ. ಕಣ್ಣು ಅಷ್ಟು ಚುರುಕಿಲ್ಲ ನೋಡು. ನೀನು ಟೋಪಿ ಎತ್ತಿಕೊಡೋ ಜಾಗ ಬಂದಾಗ ಸ್ವಲ್ಪ ನನ್ನ ಮೊಣಕೈ ಮುಟ್ಟು."