ಲಾಸ್ಟ್ ಸ್ಟಾಪ್ ಹೇಳಬಾರದು

ನನ್ನ ಮಾವ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿದ್ದಾರೆ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳು! ಅವರು ಬಸ್ಸಿನಿಂದ ಇನ್ನೂ ಇಳಿದೇ ಇಲ್ಲ. ಮದುವೆ ಊಟದ ಪಂಕ್ತಿಯಲ್ಲಿ ನೂಕುನುಗ್ಗಲಾದರೆ "ಹಿಂದೆ ಹೋಗಿ, ಹಿಂದೆ ಖಾಲಿ ಉಂಟು" ಎನ್ನುತ್ತಾರೆ. ಪುರೋಹಿತರು ಮಂತ್ರ ಮುಗಿಸುವುದೇ ತಡ, "ರೈಟ್ ಪೋಯಿ!" ಎಂದು ಬಸ್ಸು ಹೊರಡಿಸಿಬಿಡುತ್ತಾರೆ.

ಅವರು ವಿಟ್ಲದಿಂದ ಶಿರ್ತಾಡಿಯ ನಮ್ಮ ಮನೆಗೆ ಬಂದದ್ದು ಮೊಮ್ಮಗಳ ಮುಖ ನೋಡಿ ಮರುದಿನ ಹೊರಡಲು. ಆದರೆ ಅವರು ನೋಡಿದ್ದು ನನ್ನ ಮುಖವನ್ನು! ಹೆದರಿ ಉಳಿದುಬಿಟ್ಟರು.

ಹೆದರದೆ ಏನು ಮಾಡುತ್ತಾರೆ? ಮಗಳು ಹುಟ್ಟಿದ ಮೇಲೆ ನಿದ್ದೆ ಎಂಬುದು ಪಕ್ಕದ ಮನೆಯವರ ಸೊತ್ತಾಗಿತ್ತು. ಪೇಟೆಯ ಅಂಗಡಿಯಲ್ಲಿ ನಾನು ಕುಚ್ಚಲಕ್ಕಿ ಚೀಲವನ್ನು ತಟ್ಟುತ್ತಾ ಜೋ ಜೋ ಹೇಳುತ್ತಿದ್ದೆನಂತೆ. ರಜೆ ಮುಗಿದು ಸಿದ್ದಕಟ್ಟೆಯ ಶಾಲೆಗೆ ಹೋದ ಮೊದಲ ದಿನ, ಹಾಜರಿ ಕರೆದಾಗ ಹುಡುಗಿಯೊಬ್ಬಳು "ಪ್ರೆಸೆಂಟ್ ಟೀಚರ್" ಎಂದು ಕೂಗಿದಳು. "ಶ್! ಮಗು ಏಳ್ತದೆ!" ಎಂದು ಗದರಿದವಳು ನಾನೇ. ನನ್ನ ಗಂಡನಂತೂ ಬ್ರಷ್ಷಿಗೆ ಪೇಸ್ಟ್ ಹಚ್ಚಿ ನನ್ನ ಬಾಯಿಗೆ ಹಿಡಿದಿದ್ದರು.

ಮಾವ ಮಗುವನ್ನು ಹೆಗಲಿಗೆ ಹಾಕಿಕೊಂಡರು. ಲಾಲಿ ಬರುವುದಿಲ್ಲವಲ್ಲ, ಬರುವುದನ್ನೇ, ತಮ್ಮ ರೂಟಿನ ಸ್ಟಾಪುಗಳನ್ನೇ ಹೇಳಿದರು: "ವಿಟ್ಲ... ಕಲ್ಲಡ್ಕ... ಮೆಲ್ಕಾರ್... ಬೀಸಿರೋಡ್... ಬಂಟ್ವಾಳ..." ಸಿದ್ದಕಟ್ಟೆ ಬರುವಾಗ ಮಗು ಗೊರಕೆ ಹೊಡೆಯುತ್ತಿತ್ತು!

ಇಷ್ಟೇನಾ ಎಂದು ಮರುದಿನ ನಾನೂ ಶುರು ಮಾಡಿದೆ. ಸಿದ್ದಕಟ್ಟೆಗೆ ಮಗು ಮಲಗಿತು. ಗೆದ್ದ ಹುಮ್ಮಸ್ಸಿನಲ್ಲಿ "ಮೂಡಬಿದ್ರೆ!" ಎಂದೆ. ಮಗು ಎರಡೂ ಕಣ್ಣು ಬಿಟ್ಟು ಕಿರುಚಿತು.

"ಲಾಸ್ಟ್ ಸ್ಟಾಪ್ ಯಾಕೆ ಹೇಳಿದ್ದು ಮಾರಾಯ್ತಿ?" ಮಾವ ಓಡಿ ಬಂದರು. "ಅದು ಕೇಳಿದ್ರೆ ಎಂಥ ನಿದ್ದೆಯವನೂ ಏಳ್ತಾನೆ. ಸಿದ್ದಕಟ್ಟೆಯಲ್ಲಿ ನಿಲ್ಲಿಸ್ಬೇಕು!"

ಈ ವಿದ್ಯೆಗೆ ಮೊದಲ ಬಲಿ ನಾನು. ಒಂದು ಬೆಳಿಗ್ಗೆ ಮೂಡಬಿದ್ರೆಯಿಂದ ಬಂಟ್ವಾಳಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ "ಸಿದ್ದಕಟ್ಟೆ, ಸಿದ್ದಕಟ್ಟೆ" ಎಂದು ಕೂಗಿದ. ಇಳಿಯಬೇಕಾದ ನಾನು ಸುಖವಾಗಿ ನಿದ್ದೆಹೋದೆ. ಎಚ್ಚರವಾದದ್ದು ಬಂಟ್ವಾಳದಲ್ಲಿ! ಬಂಟ್ವಾಳದ ಬಸ್ಸಿನಿಂದ ಇಳಿದು ತಡವಾಗಿ ಶಾಲೆ ಸೇರಿದರೆ ಹೆಡ್‌ಮಿಸ್ "ಬಂಟ್ವಾಳದಲ್ಲಿ ಎಂತ ಕೆಲಸ ಇತ್ತು ಟೀಚರ್?" ಎಂದರು. "ಕಂಡಕ್ಟರ್ ಅಳಿಸದೆ ಮಲಗಿಸಿದ್ರು ಮೇಡಂ" ಎಂದೆ.

ಕಳೆದ ಭಾನುವಾರ ಮಧ್ಯಾಹ್ನ ಮಾವನ ಚೀಲ ಜಗಲಿಗೆ ಬಂತು. "ಮಗು ಈಗ ಮಲಗ್ತದಲ್ಲ, ಇನ್ನು ನಾನು ಹೊರಡ್ತೇನೆ" ಎಂದರು. ನನ್ನ ಎದೆ ಧಸಕ್ಕೆಂದಿತು. ನಿದ್ದೆಗಾಗಿಯೇ, ಸುಳ್ಳೇಕೆ ಹೇಳಲಿ!

ಹೊರಡುವ ಮೊದಲು ಮಗುವನ್ನು ಮಲಗಿಸಲು ಕೂತರು. ಕಲ್ಲಡ್ಕಕ್ಕೇ ಅದು ಮಲಗಿತು. ಆದರೂ ಅವರು ಮೆಲ್ಕಾರ್, ಬೀಸಿರೋಡ್ ಎಂದು ಮೆಲ್ಲನೆ ಹೇಳುತ್ತಲೇ ಇದ್ದರು.

"ಮಗು ಮಲಗಿತಲ್ಲ ಮಾವ, ಇನ್ನು ಯಾರಿಗೆ?"

ಅವರು ಬೆಂಚಿನ ಕಡೆ ನೋಡಿದರು. ಅಲ್ಲಿ ನನ್ನ ಗಂಡ ಬಾಯಿ ತೆರೆದು ನಿದ್ದೆಹೋಗಿದ್ದರು.

"ಇವ ಸಣ್ಣದಿರುವಾಗ ನಾನು ಫಸ್ಟ್ ಟ್ರಿಪ್ಪಿಗೆ ಹೋಗುವಾಗ ಎದ್ದಿರ್ತಿರ್ಲಿಲ್ಲ. ಬರುವಾಗ ಮಲಗಿ ಆಗಿರ್ತಿತ್ತು. ಒಂದು ದಿನವೂ ನನ್ನ ಕೈಯಲ್ಲಿ ಮಲಗಿಸ್ಲಿಕ್ಕೆ ಆಗ್ಲಿಲ್ಲ" ಎಂದರು. "ಈಗ ಮಲಗ್ತಾನೆ, ನೋಡು."

ಅವರು ಸಿದ್ದಕಟ್ಟೆ ಎಂದು ಹೇಳಿ ಮುಗಿಸಿ, ಮಗುವನ್ನು ತೊಟ್ಟಿಲಲ್ಲಿಟ್ಟು ಚೀಲಕ್ಕೆ ಕೈ ಹಾಕಿದರು. ನಾನು ಅದನ್ನು ಕಿತ್ತುಕೊಂಡು ಒಳಗಿಟ್ಟೆ.

"ಎಲ್ಲಿ ಇಳಿಯುವುದು ಮಾವ? ಲಾಸ್ಟ್ ಸ್ಟಾಪ್ ಬರ್ಲಿಲ್ಲ. ಕೂತ್ಕೊಳ್ಳಿ."

ಅವರು ಕೂತರು.